ಜಗಲಿಯ ಮೇಲಿನ ವಿಚಾರಣೆ

“ನಾನೇ ಮೇಜರ್ ಸಾಹೇಬ ಅಂತ ತಿಳ್ಕೋ. ನೆಟ್ಟಗೆ ನಿಂತು ಹೇಳು,” ಎಂದು ಚೌಡಯ್ಯ ಜಗಲಿಯ ಮೇಲೆ ಬೆನ್ನು ಸೆಟೆಸಿ ಕುಳಿತರು. ಫೌಜಿನಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಅಕ್ಕನ ಮಗನಿಗೆ ಸಾಕ್ಷಿ ಹೇಳುವುದನ್ನು ಕಲಿಸಲೆಂದೇ ಶಿವಮೊಗ್ಗದಿಂದ ಮೊದಲ ಬಸ್ಸಿಗೆ ಭದ್ರಾವತಿಯ ಓಲ್ಡ್ ಟೌನಿಗೆ ಬಂದಿದ್ದರು. ಸಿಪಾಯಿ ಷಣ್ಮುಖಪ್ಪನ ರಜೆ ಮುಗಿದಿತ್ತು. ಮಧ್ಯಾಹ್ನದ ಗಾಡಿ, ಕ್ಯಾಂಪು ಮುಟ್ಟಿದೊಡನೆ ವಿಚಾರಣೆ.

ಚೀನಾ ಯುದ್ಧದ ಮರುವರ್ಷದ ಬೇಸಿಗೆ ಅದು. ಬ್ಯಾರಕ್ಕಿನ ಹಿಂದೆ ಹವಾಲ್ದಾರನೂ ಅವನ ಕಡೆಯವರೂ ಷಣ್ಮುಖಪ್ಪನನ್ನೂ ಜೊತೆಗಾರ ಪೀರ್ ಬಾಷಾನನ್ನೂ ಬಡಿದಿದ್ದರು. ಆ ಗಲಾಟೆಯಲ್ಲಿ ಶಿವದಾರ ಹರಿದು ಕೊರಳಿನ ಇಷ್ಟಲಿಂಗ ಮರಳಲ್ಲೆಲ್ಲೋ ಬಿದ್ದಿತ್ತು. ಏಕೆ ಬಡಿದರೆಂಬುದು ಇಡೀ ಕಂಪನಿಗೆ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ.

“ಪೀರ್ ಬಾಷಾ ಲಿಂಗ ಕಿತ್ತ, ಅದಕ್ಕೆ ಜಗಳ ಆಯ್ತು. ಇಷ್ಟೇ ಹೇಳು ಮಾರಾಯ. ದೇವರ ವಿಷಯ ಅಂದ್ರೆ ಫೌಜಲ್ಲಿ ಎರಡು ಮಾತಿಲ್ಲ. ಅವನನ್ನ ಮನೆಗೆ ಕಳಿಸ್ತಾರೆ, ನೀನು ಉಳ್ಕೋತೀಯ.”

“ಅವನು ಕೀಳಲಿಲ್ಲ ಮಾವ. ಹುಡುಕಿದ.”

“ಏನು?”

“ಲಿಂಗ ಮೈಮೇಲಿಲ್ಲದೆ ನಾನು ನೀರೂ ಮುಟ್ಟಲ್ಲ ಅಂತ ಅವನಿಗೆ ಗೊತ್ತು. ಊದಿದ ಕಣ್ಣಲ್ಲೇ ಬಿಸಿಲಲ್ಲಿ ಕೂತು ಮರಳು ಜಾಲಾಡಿದ. ಸಿಗೋವರೆಗೂ ತಾನೂ ನೀರು ಕುಡೀಲಿಲ್ಲ.”

ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು.

“ಎಂಥಾ ಸತ್ಯವಂತನ್ನ ಹೆತ್ತಿದೀಯ ನೋಡಕ್ಕಾ!” ಚೌಡಯ್ಯ ಬಾಗಿಲ ಕಡೆ ಕೂಗಿದರು.

“ಅವನ ಮಾತು ಮುಗೀಲಿ ಬಿಡು ಚೌಡಾ,” ಎಂದಳು ಸುಭದ್ರಮ್ಮ ಒಳಗಿಂದಲೇ.

ಚೌಡಯ್ಯ ದನಿ ತಗ್ಗಿಸಿದರು. “ನಿಜ ಹೇಳಿದ್ರೆ ಹೊಡೆದೋನನ್ನ ಬಿಟ್ಟು ನಿಮ್ಮಿಬ್ಬರನ್ನೂ ಒಳಗೆ ಹಾಕ್ತಾರೆ ಕಣೋ. ನಾನು ಕಂಡಿದೀನಿ. ಆಮೇಲೆ ಈ ಊರಲ್ಲಿ ಕೂಲಿನೂ ಹುಟ್ಟಲ್ಲ.”

“ಗೊತ್ತು.”

“ಲಿಂಗದ ಹೆಸರಲ್ಲಿ ಒಂದು ಮಾತು ಹೇಳೋಕೆ ಏನು ಕಷ್ಟ ನಿಂಗೆ?”

“ದಿನಾ ಅಂಗೈ ಮೇಲಿಟ್ಟು ಕಣ್ಣು ಕೀಳದೆ ನೋಡ್ತೀನಲ್ಲ ಮಾವ. ಆಮೇಲೆ ಹೆಂಗೆ ನೋಡಲಿ?”

ಚೌಡಯ್ಯನವರಿಗೆ ರೇಗಿತು. “ಹಾಗಾದ್ರೆ ತಡ್ಕೋ. ಸಾಹೇಬ್ರು ನನ್ನ ಹಾಗೆ ಮೆತ್ತಗೆ ಕೇಳಲ್ಲ.” ಗಂಟಲು ಸರಿಪಡಿಸಿಕೊಂಡು ಗುಡುಗಿದರು: “ಸಿಪಾಯಿ ಷಣ್ಮುಖಪ್ಪ! ಪೀರ್ ಬಾಷಾ ನಿನಗೇನಾಗಬೇಕು?”

ಷಣ್ಮುಖಪ್ಪ ಹಿಮ್ಮಡಿ ಕೂಡಿಸಿದ. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವಳು ತಿರುಗಿ ನೋಡಿದಳು. ಅವನು ದನಿ ಇಳಿಸಲಿಲ್ಲ.

“ನನ್ನ ಸಂಗಾತಿ, ಸಾಹೇಬ್. ಗಂಡ ಹೆಂಡ್ತಿ ಒಬ್ಬರಿಗೊಬ್ಬರು ಹೆಂಗೋ ಹಂಗೆ. ಅದಕ್ಕೇ ಹವಾಲ್ದಾರ್ ಹೊಡೆದ. ಹೊಡೆದದ್ದು ತಪ್ಪು.”

ಇಂಥ ವಿಚಾರಣೆಗಳಲ್ಲಿ ಚೌಡಯ್ಯ ಎಷ್ಟೋ ಸಲ ಸಾಹೇಬರ ಪಕ್ಕದಲ್ಲಿ ನಿಂತಿದ್ದರು. ಈ ಪ್ರಶ್ನೆಗೆ ಹುಡುಗರು ತಲೆ ತಗ್ಗಿಸುವುದನ್ನಷ್ಟೇ ಕಂಡಿದ್ದರು. ಉತ್ತರ ಬಂದರೆ ಸಾಹೇಬರು ಮುಂದೇನು ಕೇಳುತ್ತಾರೆಂಬುದು ಅವರಿಗೆ ಗೊತ್ತಿರಲಿಲ್ಲ.