ಸಭೆಯ ತನಕ ತಡ್ಕೊಳ್ಳಿ

ಬಾಗಿಲಿಗೆ ಬೀಗ ಇರಲಿಲ್ಲ.

ಕಡೂರಿನ ಬಸ್ಸಿಳಿದು ಶಾಲೆಯ ಗೇಟು ದಾಟಿದ ತನುಜಾ ಮೇಡಂ ಅಲ್ಲೇ ನಿಂತಳು. ಹೆಣ್ಣುಮಕ್ಕಳ ಹೊಸ ಶೌಚಾಲಯದ ಬಾಗಿಲು ಹಾರುಹೊಡೆದಿತ್ತು. ಒಳಗೆ ಯಾರೋ ನೀರು ಸುರಿಯುತ್ತಿದ್ದರು, ಯಾರೋ ನಗುತ್ತಿದ್ದರು. ಯಾವ ಟೀಚರಿಗಾದರೂ ಖುಷಿಯಾಗಬೇಕಾದ ದೃಶ್ಯ. ತನುಜಾ ಹೆಗಲ ಬ್ಯಾಗಿಗೆ ಕೈಹಾಕಿ ಕನ್ನಡಕ ಹುಡುಕಿದಳು. ಕನ್ನಡಕ ಸಿಕ್ಕಿತು. ಆಮೇಲೂ ತಡಕುತ್ತಲೇ ಇದ್ದಳು.

ಇವತ್ತೇ ಆಗಬೇಕಿತ್ತೆ? ಹನ್ನೊಂದಕ್ಕೆ ಮಕ್ಕಳ ಗ್ರಾಮಸಭೆ. ವರ್ಷಕ್ಕೊಮ್ಮೆ ಪಂಚಾಯಿತಿಯವರು ಬಂದು ಮಕ್ಕಳ ಪ್ರಶ್ನೆಗೆ ಉತ್ತರ ಕೊಡುವ ದಿನ. ಬೇರೆ ಶಾಲೆಗಳಲ್ಲಿ ಮೇಷ್ಟರುಗಳು ಚೀಟಿ ಬರೆದುಕೊಡುತ್ತಾರೆ, ಮಕ್ಕಳು ಗಿಳಿಪಾಠ ಒಪ್ಪಿಸುತ್ತವೆ, ಅಧ್ಯಕ್ಷರು ‘ಪರಿಶೀಲಿಸುತ್ತೇವೆ’ ಎನ್ನುತ್ತಾರೆ, ಎಲ್ಲರೂ ಖಾರಾಬೂಂದಿ ತಿಂದು ಏಳುತ್ತಾರೆ. ತನುಜಾಳಿಗೆ ಚೀಟಿ ಕಂಡರಾಗದು. ತನ್ನ ಏಳನೇ ತರಗತಿಯ ಗೋಡೆಗೆ ಅವಳು ಮೂರು ಪ್ರಶ್ನೆ ಬರೆಸಿದ್ದಳು: ಹೇಳಿದವರು ಯಾರು? ಅದಕ್ಕೆ ಗುರುತೇನು? ಅದರಿಂದ ಲಾಭ ಯಾರಿಗೆ?

ಮೂರನ್ನೂ ಅರೆದು ಕುಡಿದವಳು ಈರಪ್ಪನ ಮಗಳು ಮಧುಶ್ರೀ. ಮೇಡಂಗೆ ಅಚ್ಚುಮೆಚ್ಚು. ಸ್ಟಾಫ್ ರೂಮಿಗೆ ಹೋಗಿ ಬ್ಯಾಗಿನಿಂದ ಕನ್ನಡಕ ತರುವ ಹಕ್ಕು ಇಡೀ ಶಾಲೆಯಲ್ಲಿ ಅವಳೊಬ್ಬಳಿಗೇ. ಇವತ್ತಿನ ಪ್ರಶ್ನೆಯೂ ಅವಳದೇ: ಜೂನ್‌ನಲ್ಲೇ ಕಟ್ಟಿ ಮುಗಿಸಿದ ಟಾಯ್ಲೆಟ್ಟಿಗೆ ಬೀಗ ಯಾಕೆ? ಕಾರಣ ಊರಿಗೇ ಗೊತ್ತಿತ್ತು. ಉದ್ಘಾಟನೆಗೆ ದೊಡ್ಡವರ ಡೇಟ್ ಸಿಕ್ಕಿರಲಿಲ್ಲ. ಟೇಪು ಕತ್ತರಿಸದೆ ಬಾಗಿಲು ತೆಗೆಯುವುದುಂಟೆ? ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರು ಮುಟ್ಟದೆ ಕೂರುತ್ತಿದ್ದರು. ಹೊಟ್ಟೆನೋವೆಂದು ಮಧುಶ್ರೀಯೇ ಹೋದ ವಾರ ಮೂರು ದಿನ ಬಂದಿರಲಿಲ್ಲ. “ಸಭೆಯ ತನಕ ತಡ್ಕೊಳ್ಳಿ ಮಕ್ಕಳೇ, ಆಮೇಲೆ ನೋಡಿ,” ಎಂದು ತನುಜಾ ಧೈರ್ಯ ಹೇಳಿದ್ದಳು. ಕಡೂರಿನಿಂದ ಪೇಪರಿನವನನ್ನೂ ಕರೆಸಿದ್ದಳು. ಉತ್ತಮ ಶಿಕ್ಷಕಿ ಪ್ರಶಸ್ತಿಯ ಅರ್ಜಿಗೆ ಒಂದು ಪೇಪರ್ ಕಟಿಂಗ್ ಮಾತ್ರ ಬಾಕಿಯಿತ್ತು.

ಈಗ ಬೀಗವೇ ಇಲ್ಲ. ಬೀಗವಿಲ್ಲದ ಮೇಲೆ ಪ್ರಶ್ನೆ ಎಲ್ಲಿಯದು? ಉಂಡ ಮನೆಗೆ ಎರಡು ಬಗೆದವರು ಯಾರು?

ಮೊದಲ ಅನುಮಾನ ಹೆಡ್‌ಮಾಸ್ಟರ್ ತೀರ್ಥಪ್ಪನವರ ಮೇಲೆ. ಪಂಚಾಯಿತಿಯಿಂದ ಫೋನು ಬಂದರೆ ಕುರ್ಚಿಯಿಂದ ಅರ್ಧ ಎದ್ದು ಮಾತನಾಡುವ ಆಸಾಮಿ.

“ಸರ್, ನಿನ್ನೆ ಸ್ಟಾಫ್ ರೂಮಿಗೆ ಹೊರಗಿನೋರು ಯಾರಾದ್ರೂ ಬಂದಿದ್ರಾ?”

“ಯಾಕ್ರಮ್ಮಾ? ಏನಾದ್ರೂ ಕಳೆದೋಯ್ತಾ?”

“ಏನಿಲ್ಲ.”

“ಏನೂ ಕಳೀದೇನೇ ಕಳ್ಳನ್ನ ಹುಡುಕ್ತಿದ್ದೀರಲ್ಲ!” ಮೇಷ್ಟ್ರು ನಕ್ಕರು. ಆ ನಗುವಿನಲ್ಲಿ ಅವಳಿಗೆ ಇಡೀ ಪಿತೂರಿ ಕಂಡಿತು. ತನ್ನ ಬೆನ್ನ ಹಿಂದೆಯೇ, ತನ್ನ ಶಾಲೆಯಲ್ಲೇ!

ಅಡುಗೆಮನೆಯಲ್ಲಿ ಸಾಂಬಾರಿಗೆ ಹುಣಸೆಹುಳಿ ಕಿವುಚುತ್ತಿದ್ದ ಬಿಸಿಯೂಟದ ದುರ್ಗಮ್ಮ ತಲೆಯೆತ್ತಿದಳು. “ಬಾಗ್ಲು ತೆಗೆದೋರ ಹೊಟ್ಟೆ ತಣ್ಣಗಿರ್ಲಿ ಕಣ್ರೀ ಮೇಡಮ್ನೋರೆ. ಹುಡುಗೀರು ಇವತ್ತು ಚೊಂಬುಗಟ್ಲೆ ನೀರು ಕುಡಿದ್ವು. ನಿಮ್ಮ ಮುಖ ಯಾಕೆ ಹರಳೆಣ್ಣೆ ಕುಡಿದಂಗಾಗೈತೆ?”

ತನುಜಾ ಅಲ್ಲಿಂದ ಹೊರಬಿದ್ದಳು. ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಪೇಪರಿನವನು ಬಂದು ಕೂತಿದ್ದ. ಅವಳು ಮಧುಶ್ರೀಯನ್ನು ಪಕ್ಕಕ್ಕೆ ಕರೆದಳು.

“ಬೀಗ ಇದೆ ಅಂತಲೇ ಕೇಳು.”

“ಈಗಿಲ್ವಲ್ಲ ಮಿಸ್.”

“ಕಡೂರಿಂದ ಬಂದೋರಿಗೆ ಅದೇನು ಗೊತ್ತಾಗುತ್ತೆ?”

ಹುಡುಗಿ ತರಗತಿಯ ಕಡೆ ತಿರುಗಿ ನೋಡಿದಳು. “ಮಿಸ್, ಗೋಡೆ ಮೇಲಿರೋ ಪ್ರಶ್ನೆನ ಯಾರಿಗೆ ಬೇಕಾದ್ರೂ ಕೇಳ್ಬೋದಾ?”

“ಯಾರಿಗೆ ಬೇಕಾದ್ರೂ. ದೇವರನ್ನೂ ಬಿಡಬೇಡ.”

ಮಧುಶ್ರೀ ಮೈಕಿನ ಮುಂದೆ ನಿಂತಳು. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈ ಮುಷ್ಟಿ. “ಜೂನ್ ತಿಂಗಳಿಂದ ಇವತ್ತು ಬೆಳಿಗ್ಗೆವರೆಗೂ ನಮ್ಮ ಟಾಯ್ಲೆಟ್ಟಿಗೆ ಬೀಗ ಹಾಕಿತ್ತು. ಯಾಕೆ ಅಂತ ಹೇಳ್ಬೇಕು.”

ಹೇಳಿಕೊಟ್ಟದ್ದನ್ನು ಹೇಳಲಿಲ್ಲ! ಇವಳೂ ಕೈಕೊಟ್ಟಳು. ತನುಜಾ ಹಲ್ಲು ಕಚ್ಚಿದಳು.

ಪಂಚಾಯಿತಿಯ ಪಿಡಿಒ ಓಂಕಾರೇಶ್ ಎದ್ದರು. “ಉದ್ಘಾಟನೆಗೆ ಅಂತ ಕಾದಿದ್ದು ನಮ್ಮ ತಪ್ಪೇ ಕಣಮ್ಮ. ಆದ್ರೆ ದಸರಾ ರಜ ಮುಗಿದ ವಾರಾನೇ ಬೀಗದ ಕೈ ಶಾಲೆಗೆ ಕೊಟ್ಟು ಕಳ್ಸಿದ್ವಲ್ಲ? ಒಂದೂವರೆ ತಿಂಗಳಾಯ್ತು. ತೆಗೀದೇ ಇದ್ರೆ ನಾವೇನು ಮಾಡೋಣ?”

“ನನ್ನ ಕೈಗೆ ಬಂದಿಲ್ಲ ಸ್ವಾಮಿ!” ತೀರ್ಥಪ್ಪ ಮೇಷ್ಟ್ರು ಈ ಸಲ ಪೂರ್ತಿ ಎದ್ದು ನಿಂತಿದ್ದರು.

ಪೇಪರಿನವನು ಪೆನ್ನಿನ ಕ್ಯಾಪು ತೆಗೆದ. ಮಧುಶ್ರೀ ಮೈಕು ಹಿಡಿದುಕೊಂಡೇ ಟೀಚರುಗಳ ಸಾಲಿನತ್ತ ನಡೆದು ಬಂದು ತನುಜಾಳ ಮುಂದೆ ನಿಂತಳು. ಮುಷ್ಟಿ ಬಿಚ್ಚಿದಳು. ಪಂಚಾಯಿತಿಯ ಸೀಲು ಬಿದ್ದ ರಟ್ಟಿನ ತುಂಡು, ಅದಕ್ಕೆ ಕಟ್ಟಿದ ಬೀಗದ ಕೈ. ಹುಡುಗಿ ದನಿ ತಗ್ಗಿಸಿದಳು. ಮೈಕಿಗೆ ಅಷ್ಟೇ ಸಾಕಾಯಿತು.

“ನಿನ್ನೆ ಕನ್ನಡಕ ತರೋಕೆ ಹೋದಾಗ ಇದು ನಿಮ್ಮ ಬ್ಯಾಗಲ್ಲಿತ್ತು, ಲಾಭ ಯಾರಿಗೆ ಮಿಸ್?”