ಬೀಸುವ ಪದ ಮುಗಿಯಿತು

ಅಕ್ಕ ಗುರುಸಿದ್ದವ್ವ ತೀರಿಕೊಂಡ ಸುದ್ದಿ ನನಗೆ ಬಂದದ್ದು ಬೆಳಗಿನ ಪೂಜೆಯ ಹೊತ್ತಿಗೆ. ನಾನು ಊರು ಸೇರುವಷ್ಟರಲ್ಲಿ ಹಾಡಿನ ಕಂಪನಿಯವರು ಆಕೆಯ ಹಳೆಯ ರೆಕಾರ್ಡಿಂಗುಗಳಿಂದ ದನಿಯನ್ನು ಒಯ್ದಾಗಿತ್ತು. ಸತ್ತವರ ದನಿಯಿಂದ ಯಂತ್ರದಲ್ಲಿ ಹೊಸ ಹಾಡು ಹಾಡಿಸುವುದು ಈಗ ಎಲ್ಲ ಕಡೆಯ ರೂಢಿ.

ಈ ಸಲ ಜಾನಪದ ಪ್ರಶಸ್ತಿಗೆ ಬಂದ ಐದು ಆಲ್ಬಂಗಳೂ ತೀರಿಹೋದವರವೇ; ಅವುಗಳಲ್ಲಿ ಅಕ್ಕನದೂ ಒಂದು. ಗೆದ್ದ ದನಿ ಹಾಡುತ್ತಲೇ ಇರಬೇಕು; ಸೋತ ದನಿಗಳನ್ನು ಅಳಿಸುತ್ತಾರೆ, ಅದೇ ನಿಯಮ. ತೀರ್ಪುಗಾರರಲ್ಲಿ ನಾನೂ ಒಬ್ಬ.

"ಮಾಮಾ, ಅವ್ವಗ ಮತ ಹಾಕ್ರಿ," ಎಂದಳು ಅಕ್ಕನ ಮಗಳು ಶಿವಲೀಲಾ. "ಆ ದನಿ ನಿಂತರ ಮನ್ಯಾಗ ಅವ್ವ ಇಲ್ಲದಂಗ ಆಗ್ತದ."

"ಆಕಿ ಇಲ್ಲವ್ವಾ."

"ಯಾಕ, ಹಾಡು ನಿಮಗ ಸೇರಲಿಲ್ಲೇನು?"

ಸೇರಿತ್ತು. ಐದರಲ್ಲಿ ನಾನು ಮೆಚ್ಚಿದ್ದು ಅದೊಂದನ್ನೇ. ಆದರೆ ಅಕ್ಕ ಬೀಸುವಾಗ ಹಿಡಿ ಜೋಳ ಹಾಕಲು ಪದ ನಿಲ್ಲಿಸುತ್ತಿದ್ದಳು, ಉಸಿರೆಳೆದುಕೊಳ್ಳುತ್ತಿದ್ದಳು. ಹಿಟ್ಟಾದ ಮೇಲೆ ಬೀಸುಕಲ್ಲನ್ನು ಮುಟ್ಟಿ ಕೈಮುಗಿದು ಪದ ಮುಗಿಸುತ್ತಿದ್ದಳು. ಇವರು ಹಾಡಿಸಿದ ಪದಕ್ಕೆ ಉಸಿರೂ ಇಲ್ಲ, ಕೊನೆಯೂ ಇಲ್ಲ. "ದಣಿವೇ ಇಲ್ಲದ ಕಂಠ," ಎಂದು ಉಳಿದ ತೀರ್ಪುಗಾರರು ಅದನ್ನೇ ಹೊಗಳಿದರು.

ನಾನು ಬೇರೆ ಆಲ್ಬಮ್ಮಿಗೆ ಮತ ಹಾಕಿದೆ. ಒಂದೇ ಮತದಿಂದ ಅಕ್ಕ ಸೋತಳು.

ಸಂಜೆ ಶಿವಲೀಲಾಳ ಫೋನಿನಲ್ಲಿ ಹಾಡು ನಡುವೆಯೇ ನಿಂತುಹೋಯಿತು. ಅವಳು ನನ್ನ ಮುಖ ನೋಡದೆ, "ಅವ್ವಗ ಎರಡನೇ ಸಲ ಮಣ್ಣು ಕೊಟ್ರಿ, ಮಾಮಾ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಪಡಸಾಲೆಯ ಮೂಲೆಯಲ್ಲಿದ್ದ ಬೀಸುಕಲ್ಲಿನ ಧೂಳು ಒರೆಸಿದೆ. ಅಕ್ಕನ ಪರವಾಗಿ ಅದನ್ನು ಮುಟ್ಟಿ ಕೈಮುಗಿದೆ.

ಶಿವನೇ, ಆಕೆಯ ಬೀಸುವುದು ಮುಗಿಯಿತು. ಇನ್ನು ಯಾರೂ ಆಕೆಯನ್ನು ಎಬ್ಬಿಸದಂತೆ ನಿನ್ನ ಪಾದದ ಬಳಿ ಮಲಗಿಸಿಕೋ.