ಅಜ್ಜಿಯ ಗಂಟು

ಮೊದಲೆಲ್ಲ ಊರಿನ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಸರ್ಜರಿ ತರಬೇತಿಗೆ ಸೀಟು ಬೇಕೆಂದರೆ ಅಲ್ಲೇ ಒಂದು ತಿಂಗಳು ದುಡಿದು ಕೈಚಳಕ ತೋರಿಸಬೇಕಿತ್ತು. ಕೊರೊನಾ ಬಂದು ಹೊರಗಿನ ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚಿತು. ಆಗಷ್ಟೇ ಡಾಕ್ಟರಿ ಓದು ಮುಗಿಸಿದ ಅವಳ ಪಾಲಿಗೆ ಉಳಿದದ್ದು ಹತ್ತು ನಿಮಿಷದ ವಿಡಿಯೊ ಸಂದರ್ಶನ.

“ದಾರ ಇದೆಯಾ? ಗಾಯ ಹೊಲಿಯುವಾಗ ಹಾಕೋ ಗಂಟು ಹಾಕಿ ತೋರಿಸಿ,” ಎಂದರು ಪ್ರೊಫೆಸರ್.

ಅವಳು ಕುರ್ಚಿಯ ಕೈಗೆ ದಾರ ಸುತ್ತಿ, ಒಂದೇ ಕೈಯಲ್ಲಿ ಪಟಪಟನೆ ಎಂಟು ಗಂಟು ಹಾಕಿದಳು.

ಪ್ರೊಫೆಸರ್ ಕನ್ನಡಕ ತೆಗೆದರು. “ಇದು ನಾವು ಕಲಿಸೋ ಗಂಟಲ್ಲ. ಯಾರು ಹೇಳ್ಕೊಟ್ಟಿದ್ದು?”

“ನಮ್ಮಜ್ಜಿ, ಸಾರ್. ಮಾರ್ಕೆಟ್ಟಲ್ಲಿ ಹೂ ಕಟ್ಟಿ ಮಾರ್ತಾರೆ.”

ಅವರು ಎದ್ದು ಹೋದರು. ಪರದೆಯ ಮೇಲಿನ ಖಾಲಿ ಕುರ್ಚಿಯನ್ನೇ ನೋಡುತ್ತ, ಸೀಟು ಕೈತಪ್ಪಿತು ಅಂದುಕೊಂಡಳು.

ಎರಡೇ ನಿಮಿಷಕ್ಕೆ ಪ್ರೊಫೆಸರ್ ವಾಪಸ್ ಬಂದರು. ಹಿಂದೆ ಮಾಸ್ಕ್ ಹಾಕಿದ ನಾಲ್ವರು ಡಾಕ್ಟರುಗಳು. ಎಲ್ಲರ ಕೈಯಲ್ಲೂ ದಾರ.

“ಅಜ್ಜಿ ಇದ್ರೆ ಕರೀರಿ. ನಮಗೂ ಒಂದ್ಸಲ ತೋರಿಸ್ಲಿ.”

ಮಾರ್ಕೆಟ್ ಮುಚ್ಚಿದ್ದರಿಂದ ಅಜ್ಜಿ ಮನೆಯಲ್ಲೇ ಇದ್ದಳು. ಸೆರಗಿಗೆ ಕೈ ಒರೆಸಿಕೊಂಡು ಫೋನಿನ ಮುಂದೆ ಬಂದು ಕೂತಳು.

“ತೋರಿಸ್ತೀನಪ್ಪ, ಅದಕ್ಕೇನು. ಮೊದ್ಲು ನಮ್ ಹುಡ್ಗಿ ಸೀಟಿನ ಮಾತು ಮುಗಿಸಿ.”